ಆರದ ಕೆಂಪು ದೀಪ: ಹಳೆಯ ಬಾಕ್ಸ್‌ಟರ್ ಒಂದರ ಏರ್‌ಬ್ಯಾಗ್ ಪ್ರಕರಣ

ಕಾರು 2001ರ ಪೋರ್ಷೆ ಬಾಕ್ಸ್‌ಟರ್. ಬಲ್ಲವರು ಇದನ್ನು 986 ಎಂದೇ ಕರೆಯುತ್ತಾರೆ. 1996ರಿಂದ 2004ರವರೆಗೆ ತಯಾರಾದ ಈ ಎರಡು ಸೀಟಿನ, ಬಟ್ಟೆ ಛಾವಣಿಯ ಕಾರು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲೂ ಫಿನ್ಲೆಂಡಿನ ಊಸಿಕೌಪುಂಕಿಯಲ್ಲೂ ಜೋಡಣೆಯಾಗುತ್ತಿತ್ತು. ಎಂಜಿನ್ ಸೀಟುಗಳ ಬೆನ್ನಿಗೆ, ಬ್ಯಾಟರಿ ಮುಂದಿನ ಡಿಕ್ಕಿಯಲ್ಲಿ. ಮಾಲೀಕರು ಅಮೆರಿಕದಲ್ಲಿ, ಚಳಿ ಜೋರಾಗಿರುವ ಒಂದು ರಾಜ್ಯದಲ್ಲಿ ನೆಲೆಸಿರುವ ಕನ್ನಡಿಗರು. ಕಾರು ಅವರ ಕೈಗೆ ಬರುವ ಹೊತ್ತಿಗೆ ಇಬ್ಬರ ಕೈ ದಾಟಿತ್ತು. ನವೆಂಬರಿನಿಂದ ಮಾರ್ಚ್‌ವರೆಗೆ ಹೊದಿಕೆಯಡಿ ನಿಲ್ಲುವುದು, ಬೇಸಿಗೆಯ ಭಾನುವಾರಗಳಲ್ಲಿ ಓಡುವುದು ಇದರ ದಿನಚರಿ. ಗುರುತು ಸಿಗಬಾರದೆಂದು ಊರು, ಗ್ಯಾರೇಜು, ನೋಂದಣಿಯ ವಿವರಗಳನ್ನು ಇಲ್ಲಿ ಬಿಟ್ಟಿದೆ.

ಒಂದು ಏಪ್ರಿಲ್‌ನಲ್ಲಿ ಕಾರನ್ನು ಹೊರತೆಗೆದಾಗ ಮೀಟರ್ ಬೋರ್ಡಿನ ಏರ್‌ಬ್ಯಾಗ್ ದೀಪ ಹತ್ತಿದ್ದು ಆರಲೇ ಇಲ್ಲ. ಸರಿಯಾಗಿರುವ ಕಾರಿನಲ್ಲಿ ಕೀ ತಿರುಗಿಸಿದ ಕೂಡಲೇ ಈ ದೀಪ ಹತ್ತಬೇಕು, ಕೆಲವು ಸೆಕೆಂಡಿನಲ್ಲಿ ತಾನಾಗಿ ಆರಬೇಕು. ಅಷ್ಟರಲ್ಲಿ ಏರ್‌ಬ್ಯಾಗ್ ಕಂಟ್ರೋಲ್ ಯೂನಿಟ್ ತನ್ನ ಸರ್ಕ್ಯೂಟುಗಳನ್ನೆಲ್ಲ ಒಮ್ಮೆ ಪರೀಕ್ಷಿಸಿಕೊಳ್ಳುತ್ತದೆ. ಹತ್ತದೇ ಇದ್ದರೂ ತೊಂದರೆಯೇ: ಸೆಕೆಂಡ್ ಹ್ಯಾಂಡ್ ಮಾರಾಟದಲ್ಲಿ ದೋಷ ಮುಚ್ಚಲು ಬಲ್ಬನ್ನೇ ಕಿತ್ತು ಹಾಕಿರುವ ಕಾರುಗಳಿವೆ, ಕೊಳ್ಳುವವರು ಕೀ ತಿರುಗಿಸಿ ದೀಪ ಹತ್ತುವುದನ್ನೂ ಕಣ್ಣಾರೆ ನೋಡಬೇಕು. ದೀಪ ಹತ್ತಿಕೊಂಡೇ ಇದ್ದರೆ ಅಪಘಾತದ ಗಳಿಗೆಯಲ್ಲಿ ಬ್ಯಾಗುಗಳೂ ಬೆಲ್ಟ್ ಬಿಗಿಸುವ ಪ್ರಿಟೆನ್ಷನರ್‌ಗಳೂ ಕೆಲಸ ಮಾಡುತ್ತವೆ ಎಂದು ನಂಬಿ ಕೂರುವಂತಿಲ್ಲ. ಕಾರು ಚೆನ್ನಾಗಿಯೇ ಓಡುತ್ತಿದೆಯಲ್ಲ ಎಂದು ವರ್ಷಗಟ್ಟಲೆ ಈ ದೀಪದೊಂದಿಗೆ ಓಡಾಡುವವರಿದ್ದಾರೆ. ಇವರು ಹಾಗೆ ಮಾಡಲಿಲ್ಲ, ಅದು ಒಳ್ಳೆಯದಾಯಿತು.

ಮೊದಲ ತಿಂಗಳು: ಊಹೆಯ ಬೆನ್ನು ಹತ್ತಿ

ಕಾರಿನ ಕಂಪ್ಯೂಟರುಗಳು ದೋಷ ಕಂಡಾಗ ಬರೆದಿಡುವ ಸಂಕೇತಗಳಿಗೆ ಕೋಡ್ ಎನ್ನುತ್ತಾರೆ, ಅವನ್ನು ಓದುವ ಉಪಕರಣ ಸ್ಕ್ಯಾನರ್. ಮಾಲೀಕರ ಬಳಿ ಇದ್ದ ಸಾಧಾರಣ ಓಬಿಡಿ ಸ್ಕ್ಯಾನರ್ ಯಾವ ಕೋಡನ್ನೂ ತೋರಿಸಲಿಲ್ಲ. ಅದು ತೋರಿಸುವುದೂ ಇಲ್ಲ. ಅಮೆರಿಕದಲ್ಲಿ 1996ರಿಂದ ಕಡ್ಡಾಯವಾದ ಓಬಿಡಿ-2 ಇರುವುದು ಹೊಗೆಗೆ ಸಂಬಂಧಪಟ್ಟ ದೋಷಗಳಿಗಾಗಿ, ಏರ್‌ಬ್ಯಾಗಿನ ಕೋಡುಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಪೋರ್ಷೆಯ ಏರ್‌ಬ್ಯಾಗ್ ಯೂನಿಟ್ ಜತೆ ಮಾತಾಡಬಲ್ಲ ಉಪಕರಣವೇ ಬೇಕು. ಪರಿಚಯದವರೊಬ್ಬರ ಲ್ಯಾಪ್‌ಟಾಪ್‌ನಲ್ಲಿ ಅಂಥದ್ದು ಸಿಕ್ಕಿತು. ಎರಡು ಕೋಡ್ ಬಂದವು: ವಿದ್ಯುತ್ ಪೂರೈಕೆಯ ವೋಲ್ಟೇಜ್ ಕಡಿಮೆ, ಮತ್ತು ಚಾಲಕರ ಬದಿಯಲ್ಲಿ ಬೆಲ್ಟ್ ಸಿಕ್ಕಿಸುವ ಬಕಲ್. ಮಾಲೀಕರು ಆ ಪರದೆಯ ಒಂದು ಫೋಟೋ ತೆಗೆದುಕೊಂಡರು, ಕೋಡ್ ಅಳಿಸಿದರು, ದೀಪ ಆರಿತು. ಐದನೆಯ ದಿನ ಮತ್ತೆ ಹತ್ತಿತು.

ಆಗ ಅವರು ಹತ್ತಿರದ ಒಂದು ಗ್ಯಾರೇಜಿಗೆ ಕಾರು ಬಿಟ್ಟರು. ಹಳೆಯ ಕಾರುಗಳಲ್ಲಿ ಈ ದೀಪ ಹತ್ತಿತೆಂದರೆ ಸ್ಟೀರಿಂಗ್ ಚಕ್ರದ ಕೆಳಗಿನ ಕ್ಲಾಕ್ ಸ್ಪ್ರಿಂಗ್ ಹೋಗಿದೆ ಎಂದೇ ಮೆಕ್ಯಾನಿಕ್‌ಗಳ ಮೊದಲ ಗುಮಾನಿ. ಅದರಲ್ಲಿ ತಥ್ಯವಿಲ್ಲದೆ ಇಲ್ಲ. ಚಕ್ರ ತಿರುಗುತ್ತಿದ್ದರೂ ಏರ್‌ಬ್ಯಾಗಿಗೂ ಹಾರನ್ನಿಗೂ ಸಂಪರ್ಕ ಕಡಿಯದಂತೆ ಸುರುಳಿ ಸುತ್ತಿದ ಚಪ್ಪಟೆ ಪಟ್ಟಿ ಅದು, ಇಪ್ಪತ್ತು ವರ್ಷ ಸುತ್ತಿ ಬಿಚ್ಚಿದರೆ ಎಲ್ಲೋ ಒಂದು ಕಡೆ ಬಿರುಕು ಬಿಡುತ್ತದೆ. ಅಂಥ ಕಾರುಗಳಲ್ಲಿ ದೀಪದ ಜತೆಗೆ ಹಾರನ್ನೂ ಆಗಾಗ ಕೈಕೊಡುವುದುಂಟು. ಈ ಕಾರಿನ ಹಾರನ್ ಗಟ್ಟಿಯಾಗಿಯೇ ಕೂಗುತ್ತಿತ್ತು. ಹಾರನ್‌ಗೂ ಏರ್‌ಬ್ಯಾಗಿಗೂ ಪಟ್ಟಿಯಲ್ಲಿ ಬೇರೆ ಬೇರೆ ಎಳೆಗಳಿರುವುದರಿಂದ ಹಾರನ್ ಒಂದನ್ನೇ ನೆಚ್ಚಿ ತೀರ್ಮಾನಿಸುವಂತಿಲ್ಲ. ಆದರೂ ಅದು ಗಮನಿಸಬೇಕಾಗಿದ್ದ ಸುಳಿವು.

ಗ್ಯಾರೇಜಿನವರು ಸ್ಟೀರಿಂಗ್ ಹಿಂಬದಿಯ ಎರಡು ಟಿ30 ಟಾರ್ಕ್ಸ್ (ನಕ್ಷತ್ರಾಕಾರದ) ಸ್ಕ್ರೂ ಬಿಚ್ಚಿ ಏರ್‌ಬ್ಯಾಗ್ ಹೊರತೆಗೆದರು, ಕನೆಕ್ಟರ್ ನೋಡಿದರು. ನಂತರ ಸರಿಯಾದ ಸ್ಕ್ಯಾನರ್ ತರಿಸಿ ಕೋಡ್ ಓದಿದಾಗ ಮೂರು ಬಂದವು: ಹಳೆಯ ಎರಡರ ಜತೆ, ಚಾಲಕರ ಏರ್‌ಬ್ಯಾಗ್ ಸರ್ಕ್ಯೂಟಿನ ರೆಸಿಸ್ಟೆನ್ಸ್ ಹೆಚ್ಚು. ಗುಮಾನಿ ನಿಜವಾಯಿತು ಎಂದುಕೊಂಡು ಕ್ಲಾಕ್ ಸ್ಪ್ರಿಂಗ್ ಬದಲಿಸಿ, ಕೋಡ್ ಅಳಿಸಿ, ಕಾರನ್ನು ಕೊಟ್ಟರು. ಹನ್ನೊಂದು ದಿನ ನೆಮ್ಮದಿ. ಹನ್ನೆರಡನೆಯ ದಿನ ಅದೇ ಕೆಂಪು ದೀಪ.

ಎರಡು ಪಟ್ಟಿ ಅಕ್ಕಪಕ್ಕ

ಕಾರು ಎರಡನೆಯ ಗ್ಯಾರೇಜಿಗೆ ಹೋಯಿತು. ಇಲ್ಲಿಯವರು ಪಾನಾ ಕೈಗೆತ್ತಿಕೊಳ್ಳುವ ಮೊದಲು ಕೇಳಿದ್ದು, ಈವರೆಗಿನ ಕೋಡುಗಳ ಪಟ್ಟಿ ಏನಾದರೂ ಉಳಿದಿದೆಯೇ ಎಂದು. ಏಪ್ರಿಲ್‌ನ ಫೋಟೋದಲ್ಲಿ ಎರಡು ಕೋಡ್, ಮೇ ತಿಂಗಳ ಗ್ಯಾರೇಜಿನ ಹಾಳೆಯಲ್ಲಿ ಮೂರು. ಮೂರನೆಯದು ಹುಟ್ಟಿದ್ದು ಅವೆರಡರ ನಡುವೆ, ಏರ್‌ಬ್ಯಾಗ್ ಕಳಚಿದ್ದ ಹೊತ್ತಿನಲ್ಲಿ. ಬ್ಯಾಗಿನ ಕನೆಕ್ಟರ್ ಬಿಚ್ಚಿಟ್ಟು ಯಾರೋ ಕೀ ತಿರುಗಿಸಿದ್ದಾರೆ. ಯೂನಿಟ್ಟು ಆ ಸರ್ಕ್ಯೂಟನ್ನು ಹುಡುಕಿ, ಸಿಗದೆ, ಕೋಡ್ ಬರೆದಿಟ್ಟಿದೆ. ಅಂದರೆ ತಪಾಸಣೆಯೇ ಹೊಸ ದೋಷವನ್ನು ಬರೆಸಿತ್ತು, ಆ ದೋಷಕ್ಕೆ ಹೊಸ ಕ್ಲಾಕ್ ಸ್ಪ್ರಿಂಗ್ ಬಿದ್ದಿತ್ತು.

ಈ ತಪ್ಪು ಬಹಳ ಸಲೀಸಾಗಿ ಆಗುತ್ತದೆ. ಸೀಟು ತೆಗೆದು ಕಾರ್ಪೆಟ್ ತೊಳೆಯುವವರು, ರೇಡಿಯೊ ಬದಲಿಸುವವರು, ಬಾಗಿಲಿನ ಪ್ಯಾನೆಲ್ ಬಿಚ್ಚುವವರು ನಡುವೆ ಒಮ್ಮೆ ಕಿಟಕಿ ಇಳಿಸಲೆಂದೋ ಹಾಡು ಕೇಳಲೆಂದೋ ಕೀ ತಿರುಗಿಸುತ್ತಾರೆ. ಈ ಕಾರಿನಲ್ಲಿ ಹಾಗೆ ಬಂದ ಕೋಡು ಎಲ್ಲವನ್ನೂ ಸರಿಯಾಗಿ ಜೋಡಿಸಿದ ಮೇಲೂ ತಾನಾಗಿ ಹೋಗದು, ಉಪಕರಣದಿಂದ ಅಳಿಸಿದರೇನೇ ಹೋಗುವುದು. ಹಾಗಾಗಿ ಅಳಿಸುವ ಮುನ್ನ ಪಟ್ಟಿ ಬರೆದಿಡುವುದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಮಾಲೀಕರ ಫೋನಿನಲ್ಲಿ ಆ ಒಂದು ಫೋಟೋ ಇಲ್ಲದಿದ್ದರೆ ಎರಡನೆಯ ಗ್ಯಾರೇಜೂ ಸ್ಟೀರಿಂಗ್ ಬಿಚ್ಚುವುದರಿಂದಲೇ ಶುರು ಮಾಡುತ್ತಿತ್ತು.

ಎರಡೂ ಪಟ್ಟಿಯಲ್ಲಿದ್ದದ್ದು ವೋಲ್ಟೇಜ್ ಮತ್ತು ಬಕಲ್. ಮೊದಲು ವೋಲ್ಟೇಜ್ ಹಿಡಿದರು. ನಿಲ್ಲಿಸಿಟ್ಟ ಬ್ಯಾಟರಿ 12.1 ವೋಲ್ಟ್ ತೋರಿಸಿತು. ತುಂಬಿದ ಬ್ಯಾಟರಿ 12.6ರ ಆಸುಪಾಸು ಇರಬೇಕು. ಸ್ಟಾರ್ಟ್ ಮಾಡುವಾಗ ಅದು 8.9ಕ್ಕೆ ಕುಸಿಯಿತು, 9.6ಕ್ಕಿಂತ ಕೆಳಗಿಳಿಯುವ ಬ್ಯಾಟರಿಯನ್ನು ದುರ್ಬಲ ಎಂದೇ ಲೆಕ್ಕ. ಎಂಜಿನ್ ಓಡುವಾಗ 14.1 ಇತ್ತು, ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಮೇಲೆ ದೂರಿಲ್ಲ. ಬ್ಯಾಟರಿ ಬದಲಾಯಿತು. ದುರ್ಬಲ ಬ್ಯಾಟರಿ ಇದ್ದಾಗ ಬರುವ ಉಳಿದ ಕೋಡುಗಳನ್ನೂ ನಂಬುವುದು ಕಷ್ಟ, ಆದ್ದರಿಂದ ಮೊದಲು ಇದನ್ನು ಮುಗಿಸಿದ್ದು ಸರಿಯಾದ ಕ್ರಮ. ಕೋಡ್ ಅಳಿಸಿದರು.

ಕೆಣಕಿ ನೋಡುವ ಪರೀಕ್ಷೆ

ಈ ದೀಪದ ಒಂದು ಗುಣವನ್ನು ಅರ್ಥ ಮಾಡಿಕೊಳ್ಳದೆ ಹುಡುಕಾಟ ಮುಂದೆ ಸಾಗದು. ದೋಷ ಒಂದು ಕ್ಷಣ ಬಂದು ಹೋದರೂ ದೀಪ ಹತ್ತಿಕೊಂಡೇ ಇರುತ್ತದೆ. ಹಾಗಾಗಿ ಚಾಲಕರು ದೀಪ ಕಂಡ ಹೊತ್ತಿಗೂ ದೋಷ ಬಂದ ಹೊತ್ತಿಗೂ ನಂಟು ಇರಲೇಬೇಕೆಂದಿಲ್ಲ. ಕಾಯುತ್ತಾ ಕೂತರೆ ಸುಳಿವು ಸಿಗುವುದಿಲ್ಲ. ಕೋಡ್ ಅಳಿಸಿ, ಒಂದೊಂದೇ ಭಾಗವನ್ನು ಬೇಕೆಂದೇ ಅಲುಗಾಡಿಸಿ, ಪ್ರತಿ ಸಲವೂ ಕೋಡ್ ಓದಬೇಕು.

ಅವರು ಮಾಡಿದ್ದು ಹೀಗೆ. ಎಂಜಿನ್ ಓಡುತ್ತಿರುವಾಗ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ಹತ್ತು ಸಲ ತಿರುಗಿಸಿದರು. ಕೋಡ್ ಇಲ್ಲ. ಎರಡೂ ಬಾಗಿಲನ್ನು ತಲಾ ಹತ್ತು ಸಲ ತೆಗೆದು ಹಾಕಿದರು, ಏಕೆಂದರೆ 986ರಲ್ಲಿ ಪಕ್ಕದ ಏರ್‌ಬ್ಯಾಗ್ ಇರುವುದು ಬಾಗಿಲಿನೊಳಗೆ, ಅದರ ವೈರು ಬಾಗಿಲಿನ ಸಂದಿಯಲ್ಲಿ ಪ್ರತಿ ಸಲ ಬಾಗುತ್ತದೆ. ಕೋಡ್ ಇಲ್ಲ. ಬೇರೆ ಎಷ್ಟೋ ಕಾರುಗಳಲ್ಲಿ ಪಕ್ಕದ ಬ್ಯಾಗ್ ಸೀಟಿನ ಬೆನ್ನಿನಲ್ಲಿರುತ್ತದೆ, ಅಲ್ಲಿ ಸೀಟಿನಡಿಯ ಹಳದಿ ಕನೆಕ್ಟರೇ ಮೊದಲ ಆರೋಪಿ. ಆ ಅನುಭವವನ್ನು ಈ ಕಾರಿಗೆ ಹಾಗೇ ತಂದು ಅಂಟಿಸಿದರೆ ದಾರಿ ತಪ್ಪುತ್ತದೆ. ನಂತರ ಸೀಟನ್ನು ಪೂರ್ತಿ ಮುಂದೆ, ಪೂರ್ತಿ ಹಿಂದೆ ಸರಿಸಿದರು. ಕೋಡ್ ಇಲ್ಲ. ಕೊನೆಗೆ ಚಾಲಕರ ಬೆಲ್ಟನ್ನು ಬಕಲ್‌ಗೆ ಹಾಕಿ, ತೆಗೆದು, ಹಾಕಿ, ಹಾಕಿದಲ್ಲೇ ಬೆಲ್ಟಿನ ಲೋಹದ ನಾಲಗೆಯನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಅಲುಗಿಸಿದರು. ಹದಿನಾಲ್ಕನೆಯ ಸಲಕ್ಕೆ ದೀಪ ಹತ್ತಿತು, ಕೋಡ್ ಚಾಲಕರ ಬಕಲ್‌ನದು.

ಅದೇ ಸಂಜೆ ಮನೆಯಲ್ಲಿ ಇದನ್ನು ಹೇಳುತ್ತಿದ್ದಾಗ ಮಾಲೀಕರ ಹೆಂಡತಿ, "ರೀ, ಅದು ಎರಡು ಸಲ ಒತ್ತಿದರೇನೇ ಕೂರೋದು, ಹೋದ ವರ್ಷದಿಂದಾನೂ ಹಾಗೇ ಅಲ್ವಾ" ಎಂದರಂತೆ. ಆ ಮಾತು ಮೊದಲ ದಿನವೇ ಗ್ಯಾರೇಜಿಗೆ ತಲುಪಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು. ಕಾರು ಬಿಡುವಾಗ ಅದನ್ನು ಓಡಿಸುವ ಎಲ್ಲರನ್ನೂ ಒಂದು ಮಾತು ಕೇಳಿಕೊಂಡು ಬರಬೇಕು: ಬೆಲ್ಟು, ಸೀಟು, ಬಾಗಿಲು, ಹಾರನ್ ಇವುಗಳಲ್ಲಿ ಏನಾದರೂ ಮೊದಲಿನಂತಿಲ್ಲವೇ?

ಬಕಲ್ ಕೆಟ್ಟರೆ ಏರ್‌ಬ್ಯಾಗ್ ದೀಪ ಏಕೆ ಹತ್ತಬೇಕು ಎಂಬ ಪ್ರಶ್ನೆ ಸಹಜ. ಬಕಲ್‌ನೊಳಗೆ ಒಂದು ಪುಟ್ಟ ಸ್ವಿಚ್ ಇದೆ, ಬೆಲ್ಟಿನ ನಾಲಗೆ ಒಳಗೆ ಕೂತಿದೆಯೋ ಇಲ್ಲವೋ ಎಂದು ಅದು ಏರ್‌ಬ್ಯಾಗ್ ಯೂನಿಟ್ಟಿಗೆ ತಿಳಿಸುತ್ತಿರುತ್ತದೆ. ಆ ಸುದ್ದಿ ಹೌದು ಎಂದೂ ಅಲ್ಲದೆ ಅಲ್ಲ ಎಂದೂ ಅಲ್ಲದೆ ನಡುವೆ ಓಲಾಡಿದರೆ ಯೂನಿಟ್ಟು ಅದನ್ನು ದೋಷ ಎಂದು ದಾಖಲಿಸುತ್ತದೆ. 986ರಲ್ಲೂ ಅದೇ ಕಾಲದ ಪೋರ್ಷೆ 911 ಆದ 996ರಲ್ಲೂ ಏರ್‌ಬ್ಯಾಗ್ ದೀಪಕ್ಕೆ ಬಕಲ್ ಕಾರಣವಾಗುವುದು ಹಳಬರಿಗೆಲ್ಲ ಗೊತ್ತಿರುವ ಸಂಗತಿ.

ಮೀಟರ್ ಹಿಡಿಯುವ ಮುನ್ನ

ಇಲ್ಲಿ ಸ್ವಲ್ಪ ನಿಂತು ಹೇಳಬೇಕಾದ್ದಿದೆ, ಏಕೆಂದರೆ ಇಲ್ಲಿ ತಪ್ಪಿದರೆ ಕೈಯೋ ಕಣ್ಣೋ ಹೋಗುತ್ತದೆ. ಏರ್‌ಬ್ಯಾಗ್ ಮತ್ತು ಪ್ರಿಟೆನ್ಷನರ್ ಎರಡರಲ್ಲೂ ಸಿಡಿಯುವ ಮದ್ದು ಇದೆ. ಅದನ್ನು ಹೊತ್ತಿಸುವ ಇಗ್ನೈಟರ್‌ನ ರೆಸಿಸ್ಟೆನ್ಸ್ ಸಾಮಾನ್ಯವಾಗಿ ಸುಮಾರು 2 ಓಮ್. ಮಲ್ಟಿಮೀಟರ್ ಓಮ್ ಅಳೆಯುವಾಗ ತಾನೇ ಒಂದಿಷ್ಟು ಕರೆಂಟ್ ಹರಿಸುತ್ತದೆ. ಆದ್ದರಿಂದ ಇಗ್ನೈಟರ್ ಇರುವ ಯಾವ ವೈರಿಗೂ ಓಮ್ ಮೀಟರ್ ಹಚ್ಚಲೇಬಾರದು, ಬ್ಯಾಟರಿ ಕಳಚಿದ್ದರೂ ಹಚ್ಚಬಾರದು. ಕೆಲವು ಕಾರುಗಳಲ್ಲಿ ಪ್ರಿಟೆನ್ಷನರ್ ಬಕಲ್‌ಗೇ ಅಂಟಿಕೊಂಡಿರುತ್ತದೆ. ಹಾಗಾಗಿ ಗ್ಯಾರೇಜಿನವರು ಮೊದಲು ಈ ಮಾಡೆಲ್ಲಿನ ವೈರಿಂಗ್ ನಕ್ಷೆ ತೆಗೆದು, ಬಕಲ್‌ನಿಂದ ಬರುವ ವೈರು ಬರೀ ಸ್ವಿಚ್‌ನದು ಎಂದು ಖಾತ್ರಿ ಮಾಡಿಕೊಂಡರು. ನಕ್ಷೆ ಇಲ್ಲದವರು ಮೀಟರನ್ನು ಪೆಟ್ಟಿಗೆಯಲ್ಲೇ ಇಡುವುದು ಕ್ಷೇಮ.

ಇನ್ನೊಂದು ಬಲೆಯಿದೆ, ಅನುಭವಿಗಳೂ ಇದರಲ್ಲಿ ಬೀಳುತ್ತಾರೆ. ಏರ್‌ಬ್ಯಾಗ್ ಕನೆಕ್ಟರ್ ಬಿಚ್ಚಿದ ಕೂಡಲೇ ಅದರೊಳಗಿನ ಒಂದು ಲೋಹದ ಪಟ್ಟಿ ಎರಡೂ ಪಿನ್ನುಗಳನ್ನು ಒಂದಕ್ಕೊಂದು ತಾಗಿಸಿಬಿಡುತ್ತದೆ. ಮೈಯ ಸ್ಥಾಯೀ ವಿದ್ಯುತ್ತಿನಿಂದ ಬ್ಯಾಗ್ ಸಿಡಿಯಬಾರದೆಂದು ಮಾಡಿದ ಏರ್ಪಾಡು ಅದು. ಇದನ್ನು ತಿಳಿಯದೆ ಹಾರ್ನೆಸ್ (ಕಾರಿನ ವೈರುಗಳ ಕಂತೆ) ಅಳೆದವರಿಗೆ ಸೊನ್ನೆ ಓಮ್ ಕಂಡು, ವೈರು ಶಾರ್ಟ್ ಆಗಿದೆ ಎಂದು ತೋರುತ್ತದೆ. ಒಳ್ಳೆಯ ವೈರನ್ನೇ ಬಿಚ್ಚಿ ಹರಡಿಕೊಂಡು ಕೂರಬೇಕಾಗುತ್ತದೆ.

ಬ್ಯಾಟರಿ ಕಳಚುವ ಮೊದಲೇ ಅವರು ಸೀಟನ್ನು ಹಿಂದೆ ಸರಿಸಿ ಮುಂದಿನ ಎರಡು ಬೋಲ್ಟ್, ಮುಂದೆ ಸರಿಸಿ ಹಿಂದಿನ ಎರಡು ಬೋಲ್ಟ್ ಸಡಿಲಿಸಿದರು. ಕರೆಂಟ್ ಹೋದ ಮೇಲೆ ಮೋಟರ್ ಇರುವ ಸೀಟು ಸರಿಯುವುದಿಲ್ಲ. ಬೋಲ್ಟುಗಳ ತಲೆ ಇ12 ಟಾರ್ಕ್ಸ್, ಸಾಧಾರಣ ಸಾಕೆಟ್ ಹಾಕಿ ಒತ್ತಿದರೆ ತಲೆ ಉರುಟಾಗುತ್ತದೆ. ಬ್ಯಾಟರಿ ಕಳಚಿದ ಮೇಲೆ ರೇಡಿಯೊ ಮತ್ತೆ ಶುರುವಾಗಲು ಕೇಳುವ ಗುಪ್ತ ಸಂಖ್ಯೆ, ಅಂದರೆ ರೇಡಿಯೊ ಕೋಡ್, ಇದೆಯೇ ಎಂದು ಮಾಲೀಕರನ್ನು ಕೇಳಿದರು. ಆಮೇಲೆ ಕೀ ತೆಗೆದು, ಮುಂದಿನ ಡಿಕ್ಕಿ ತೆರೆದೇ ಇಟ್ಟು, ಬ್ಯಾಟರಿಯ ನೆಗೆಟಿವ್ ಕಳಚಿ, ತುದಿಗೆ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಟ್ಟರು. ಯೂನಿಟ್ಟಿನೊಳಗಿನ ಕೆಪಾಸಿಟರ್‌ಗಳು ಬ್ಯಾಟರಿ ಹೋದ ಮೇಲೂ ಸ್ವಲ್ಪ ಹೊತ್ತು ಬ್ಯಾಗ್ ಸಿಡಿಸುವಷ್ಟು ಶಕ್ತಿ ಹಿಡಿದಿಟ್ಟುಕೊಂಡಿರುತ್ತವೆ. ತಯಾರಕರು ಹೇಳುವ ಸಮಯ ಇದಕ್ಕಿಂತ ಕಡಿಮೆಯೇ ಇರಬಹುದು, ಕಾದರೆ ನಷ್ಟವೇನಿಲ್ಲ.

ಸೀಟನ್ನು ಹಿಂದಕ್ಕೆ ವಾಲಿಸಿದಾಗ ಮೊದಲು ಕೈಯಿಟ್ಟು ನೋಡಿದ್ದು ಕಾರ್ಪೆಟ್ ಒದ್ದೆಯೇ ಎಂದು. 986ರ ಬಟ್ಟೆ ಛಾವಣಿಯ ಬುಡದಲ್ಲಿ ಮಳೆನೀರು ಹೋಗುವ ರಂಧ್ರಗಳಿವೆ. ಅವು ಎಲೆ, ಧೂಳಿನಿಂದ ಕಟ್ಟಿಕೊಂಡರೆ ನೀರು ಒಳಗಿಳಿದು ಸೀಟಿನಡಿ ನಿಲ್ಲುತ್ತದೆ. ಎಡಗಡೆ ಸ್ಟೀರಿಂಗ್ ಇರುವ ಕಾರಿನಲ್ಲಿ ಚಾಲಕರ ಸೀಟಿನಡಿಯೇ ಅಲಾರಂ ಮತ್ತು ಕಳ್ಳರು ಸ್ಟಾರ್ಟ್ ಮಾಡದಂತೆ ತಡೆಯುವ ಇಮ್ಮೊಬಿಲೈಸರ್ ಪೆಟ್ಟಿಗೆ ಇದೆ, ಅದು ನೆನೆದರೆ ಕಾರು ಸ್ಟಾರ್ಟೇ ಆಗದೆ ಹೋಗಬಹುದು. ಈ ಕಾರಿನಲ್ಲಿ ಕಾರ್ಪೆಟ್ ಒಣಗಿತ್ತು, ಕನೆಕ್ಟರ್ ಪಿನ್ನುಗಳಲ್ಲಿ ಹಸಿರು ಕಿಲುಬು ಇರಲಿಲ್ಲ. ರಂಧ್ರಗಳಲ್ಲಿ ಮಾತ್ರ ಪೈನ್ ಮರದ ಸೂಜಿ ಎಲೆ ತುಂಬಿತ್ತು, ಅದನ್ನು ತೆಗೆದರು.

ಬಕಲ್‌ನ ಕನೆಕ್ಟರನ್ನು ಕಾರಿನ ಹಾರ್ನೆಸ್‌ನಿಂದ ಬೇರ್ಪಡಿಸಿ, ಬಕಲ್ ಬದಿಗೆ ಮಾತ್ರ ಮೀಟರ್ ಹಚ್ಚಿದರು. ನಾಲಗೆ ಹಾಕಿದಾಗ ಒಂದು ಅಂಕಿ, ತೆಗೆದಾಗ ಇನ್ನೊಂದು, ಎರಡೂ ಅಲುಗದೆ ನಿಲ್ಲಬೇಕು. ಇಪ್ಪತ್ತು ಸಲ ಹಾಕಿ ತೆಗೆದರು. ಹದಿನೇಳು ಸಲ ಅಂಕಿ ನಿಂತಿತು. ಮೂರು ಸಲ ಮೇಲಕ್ಕೂ ಕೆಳಕ್ಕೂ ತೇಲಿ, ಬೆರಳಿನಿಂದ ನಾಲಗೆ ಒತ್ತಿದ ಮೇಲೆ ಸ್ಥಿರವಾಯಿತು. ದೋಷ ಹಾರ್ನೆಸ್‌ನಲ್ಲಿಲ್ಲ, ಯೂನಿಟ್ಟಿನಲ್ಲಿಲ್ಲ, ಬಕಲ್‌ನಲ್ಲೇ ಇದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ತೊಳೆಯುವುದೋ ಬದಲಿಸುವುದೋ

ಹೊಸ ಬಕಲ್ ಬರಲು ದಿನ ಹಿಡಿಯುತ್ತಿತ್ತು. ಮಾಲೀಕರು ಖರ್ಚು ನೋಡಿ, ಮೊದಲು ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ನೋಡೋಣ ಎಂದರು. ಗ್ಯಾರೇಜಿನವರು ಒಪ್ಪಿದರು. ಬಕಲ್ ಬಾಯಿ ಕೆಳಗೆ ಮಾಡಿ ಸಿಂಪಡಿಸಿದಾಗ ಕಂದು ಬಣ್ಣದ ನೀರು, ಬಟ್ಟೆಯ ನಾರು, ಬಿಸ್ಕತ್ತಿನ ಪುಡಿಯಂಥದ್ದು ಸುರಿಯಿತು. ಒಣಗಿಸಿ, ಜೋಡಿಸಿ, ಕೋಡ್ ಅಳಿಸಿದರು. ಆರು ವಾರ ದೀಪ ಹತ್ತಲಿಲ್ಲ. ಏಳನೆಯ ವಾರ ಹತ್ತಿತು.

ಆ ಆರು ವಾರ ವ್ಯರ್ಥವೆನ್ನಲಾಗದು, ರೋಗನಿರ್ಣಯ ಸರಿ ಎಂದು ಅದು ಇನ್ನೊಮ್ಮೆ ಸಾಬೀತು ಮಾಡಿತು. ಆದರೆ ಜೀವ ಕಾಯುವ ಭಾಗದಲ್ಲಿ ತೊಳೆದು ಸುಧಾರಿಸಿದ ಸ್ವಿಚ್ಚನ್ನು ನೆಚ್ಚಿಕೊಳ್ಳುವುದು ಸರಿಯಲ್ಲ. ಎರಡು ಸಲ ಒತ್ತಿದರೆ ಕೂರುವ ಬಕಲ್ ಅಂದರೆ ಸ್ವಿಚ್ ಅಷ್ಟೇ ಅಲ್ಲ, ಬೀಗವೂ ಸವೆದಿದೆ ಎಂದರ್ಥ. ಅದೊಂದೇ ಕಾರಣಕ್ಕೆ ಬಕಲ್ ಮೊದಲ ದಿನವೇ ಬದಲಾಗಬೇಕಿತ್ತು, ದೀಪ ಹತ್ತದಿದ್ದರೂ. ಈ ಪ್ರಕರಣದಲ್ಲಿ ತಪ್ಪಿದ ನಿರ್ಧಾರ ಯಾವುದೆಂದು ಕೇಳಿದರೆ ಕ್ಲಾಕ್ ಸ್ಪ್ರಿಂಗ್‌ಗಿಂತ ಇದನ್ನೇ ಮೊದಲು ಹೇಳಬೇಕು. ಕ್ಲಾಕ್ ಸ್ಪ್ರಿಂಗ್‌ನಲ್ಲಿ ಹೋದದ್ದು ದುಡ್ಡು. ಇಲ್ಲಿ ಆರು ವಾರ ಒಬ್ಬರು ಸರಿಯಾಗಿ ಬೀಗ ಬೀಳದಿರಬಹುದಾದ ಬೆಲ್ಟಿನಲ್ಲಿ ಕೂತು ಹೆದ್ದಾರಿಯಲ್ಲಿ ಓಡಾಡಿದರು.

ಬೆಲ್ಟ್ ಹಾಕಿದೆ ಎಂದು ಯೂನಿಟ್ಟಿಗೆ ಸುಳ್ಳು ಹೇಳುವಂತೆ ಸ್ವಿಚ್ಚನ್ನು ಬೈಪಾಸ್ ಮಾಡುವ ಸಲಹೆಯೂ ಅವರ ಕಿವಿಗೆ ಬಿದ್ದಿತ್ತು. ಬ್ಯಾಗಿನ ಜಾಗದಲ್ಲಿ ರೆಸಿಸ್ಟರ್ ಕಟ್ಟಿ ದೀಪ ಆರಿಸುವುದೂ ಇದೇ ಜಾತಿಯದು. ದೀಪ ಆರುತ್ತದೆ, ರಕ್ಷಣೆಯೂ ಆರುತ್ತದೆ, ಮುಂದೆ ಆ ಕಾರನ್ನು ಕೊಂಡವರಿಗೆ ಅದು ಗೊತ್ತೇ ಆಗುವುದಿಲ್ಲ.

ಗುಜರಿಯಿಂದ ಹಳೆಯ ಬಕಲ್ ತರುವ ಮಾತು ಬಂದಾಗ ಗ್ಯಾರೇಜಿನವರು ಬೇಡವೆಂದರು: ಅದಕ್ಕೂ ಅಷ್ಟೇ ವಯಸ್ಸಾಗಿರುತ್ತದೆ, ಅಪಘಾತ ಕಂಡಿದೆಯೋ ಹೇಗೋ ಹೇಳುವವರಿಲ್ಲ. ಹೊಸದನ್ನು ಕಾರಿನ ವಿಐಎನ್ (ಗುರುತಿನ ಸಂಖ್ಯೆ) ಕೊಟ್ಟು ತರಿಸಿದರು. ಎಡ ಬಲ ಬೇರೆ ಬೇರೆ, ವರ್ಷಕ್ಕೆ ತಕ್ಕಂತೆ ಕನೆಕ್ಟರೂ ಬೇರೆಯಾಗಬಹುದು. ಬಕಲ್ ಸೀಟಿಗೆ ಕೂತಿರುವುದು ಒಂದೇ ದಪ್ಪ ಬೋಲ್ಟಿನಲ್ಲಿ. ವೈರನ್ನು ಹಳೆಯ ದಾರಿಯಲ್ಲೇ ಸಾಗಿಸಿ, ಸೀಟಿನ ಹಳಿಗೆ ಸಿಕ್ಕದಂತೆ ಕ್ಲಿಪ್ಪಿನಲ್ಲಿ ಕೂರಿಸುವುದು ಮುಖ್ಯ. ಅದನ್ನು ಜೋತಾಡಲು ಬಿಟ್ಟರೆ ಸೀಟು ಸರಿದಾಗ ವೈರು ಸುಲಿದು ಒಂದು ವರ್ಷದಲ್ಲಿ ಅದೇ ಕೋಡ್ ಮತ್ತೆ ಬರುತ್ತದೆ. ಸೀಟಿನ ನಾಲ್ಕು ಬೋಲ್ಟನ್ನು ಕೈಯಲ್ಲಿ ಎಳೆ ಹಿಡಿಸಿ, ಆಮೇಲೆ ಟಾರ್ಕ್ ಪಾನಾದಲ್ಲಿ 65 ನ್ಯೂಟನ್ ಮೀಟರ್‌ಗೆ ಬಿಗಿದರು. ಎಲ್ಲ ಕನೆಕ್ಟರ್ ಕೂತ ಮೇಲಷ್ಟೇ, ಕಾರಿನೊಳಗೆ ಯಾರೂ ಇಲ್ಲದಾಗ, ಬ್ಯಾಟರಿ ಜೋಡಿಸಿದರು. ಕೋಡ್ ಅಳಿಸಿ, ರೇಡಿಯೊ ಕೋಡ್ ಹಾಕಿ, ಕಿಟಕಿಗಳನ್ನು ಪೂರ್ತಿ ಏರಿಸಿ ಸ್ವಿಚ್ ಒತ್ತಿ ಹಿಡಿದು ಅವುಗಳ ಮಿತಿಯನ್ನು ಮತ್ತೆ ಕಲಿಸಿದರು.

ಆಮೇಲೆ ಅದೇ ಕೆಣಕುವ ಪರೀಕ್ಷೆಯನ್ನು ಮೊದಲಿನಿಂದ ಮಾಡಿದರು, ಬಕಲ್ ಈ ಸಲ ನಲವತ್ತು ಸಲ. ಕೋಡ್ ಬರಲಿಲ್ಲ. ಕಾರು ಆ ಬೇಸಿಗೆ ಪೂರ್ತಿ ಓಡಿತು, ಚಳಿಗಾಲದಲ್ಲಿ ಬ್ಯಾಟರಿಗೆ ಸಣ್ಣ ಮೇಂಟೇನರ್ ಚಾರ್ಜರ್ ಹಚ್ಚಿ ನಿಲ್ಲಿಸಿದರು. ಮುಂದಿನ ಏಪ್ರಿಲ್‌ನಲ್ಲಿ ಕೀ ತಿರುಗಿಸಿದಾಗ ದೀಪ ಹತ್ತಿ, ಕೆಲವೇ ಸೆಕೆಂಡಿನಲ್ಲಿ ಆರಿತು.

ತೆಗೆದ ಹಳೆಯ ಬಕಲ್‌ನ ಪ್ಲಾಸ್ಟಿಕ್ ಕವಚವನ್ನು ಗ್ಯಾರೇಜಿನವರು ಸೀಳಿ ನೋಡಿದರು. ಸ್ವಿಚ್ಚಿನ ಪುಟ್ಟ ಸನ್ನೆಯ ಬುಡದಲ್ಲಿ, ಕ್ಲೀನರ್ ತಲುಪದ ಮೂಲೆಯಲ್ಲಿ, ಬೆಲ್ಲದ ಪಾಕ ಒಣಗಿದಂಥ ಅಂಟು ಪೊರೆ. ಎಂದೋ ಯಾರೋ ಚೆಲ್ಲಿದ ಸಕ್ಕರೆ ಪಾನೀಯ. ಉಗುರಿನಿಂದ ಒತ್ತಿದರೆ ಸನ್ನೆ ಇಳಿಯುತ್ತಿತ್ತು, ಬಿಟ್ಟರೆ ತಡೆದು ತಡೆದು ಮೇಲೇಳುತ್ತಿತ್ತು. ಪಕ್ಕದ ಸೀಟಿನ ಬಕಲ್ ಸಹ ಅಷ್ಟೇ ಹಳೆಯದು. ಅದನ್ನೂ ಮೀಟರ್‌ನಲ್ಲಿ ಇಪ್ಪತ್ತು ಸಲ ನೋಡಿದರು, ಅಂಕಿ ಒಮ್ಮೆಯೂ ತೇಲಲಿಲ್ಲ, ಒಂದೇ ಒತ್ತಿಗೆ ಕೂರುತ್ತಿತ್ತು. ಅದನ್ನು ಸದ್ಯ ಹಾಗೇ ಬಿಟ್ಟು, ಪ್ರತಿ ವರ್ಷ ಕಾರು ಹೊರತೆಗೆಯುವಾಗ ಅದೇ ಪರೀಕ್ಷೆ ಮಾಡಿ ದಿನಾಂಕದೊಂದಿಗೆ ಬರೆದಿಡುವುದೆಂದು ಮಾಲೀಕರೂ ಗ್ಯಾರೇಜಿನವರೂ ಮಾತಾಡಿಕೊಂಡರು.